ಕೋಟೆ ಆನೆ ಮುಂದೆ ತೆಗೆಸಿದ ಹಳೇ ಫೋಟೋ ಯಾರ ಹತ್ರ ಇದೆ? ಹಿಂದೆ ಒಂದು ಟೈಪ್‌ರೈಟರ್ ಕಾಣಬೇಕು

ಕಾರ್ಬನ್‌ಪೇಪರ್
ಮಡಿಕೇರಿಯವರಿಗೂ ಮಡಿಕೇರಿಗೆ ಪ್ರವಾಸ ಬಂದವರಿಗೂ ಒಂದು ಮನವಿ.

ನನ್ನಪ್ಪ ಕೋಟೆಯೊಳಗೆ ಅರ್ಜಿ ಟೈಪ್ ಮಾಡುತ್ತಿದ್ದರು. ಕೋರ್ಟು, ಡಿ.ಸಿ. ಆಫೀಸು ಎರಡೂ ಅಲ್ಲೇ ಇದ್ದ ಕಾಲ. ಒಂದು ಮರದ ಮೇಜು, ಒಂದು ರೆಮಿಂಗ್ಟನ್ ಕನ್ನಡ ಟೈಪ್‌ರೈಟರ್, ಕುರ್ಚಿಯ ಬೆನ್ನಿಗೆ ನೇತುಹಾಕಿದ ಕಪ್ಪು ಕೊಡೆ. ಕೊಡೆಯ ಹಿಡಿಗೆ ಅಮ್ಮ ಕೆಂಪು ಬಟ್ಟೆ ಸುತ್ತಿದ್ದಳು. ಮಡಿಕೇರಿ ಮಳೆಗಾಲದಲ್ಲಿ ಎಲ್ಲರ ಕೊಡೆಯೂ ಒಂದೇ ಥರ, ಅದಲುಬದಲಾದರೆ ಅಪ್ಪ ವಾಪಸ್ ಕೇಳುವ ಪೈಕಿ ಅಲ್ಲ.

ಶಾಲೆ ಬಿಟ್ಟ ಮೇಲೆ ನಾನು ನೇರ ಅಲ್ಲಿಗೇ ಹೋಗುತ್ತಿದ್ದೆ. ಐದೂವರೆವರೆಗೆ ಆ ಅಂಗಳವೇ ನನ್ನ ಮನೆ. ಹೋಂವರ್ಕ್ ಮಾಡಿದ್ದು ಅಪ್ಪನ ಮೇಜಿನ ಕೆಳಗೆ. ಬಳಸಿ ಬಿಟ್ಟ ಕಾರ್ಬನ್ ಪೇಪರ್ ನನ್ನ ಪಾಲಿಗೆ. ಕೈ, ಮೂಗು, ಲಂಗ ಎಲ್ಲಾ ನೀಲಿ.

ವಿಷಯ ಏನಂದರೆ, ಅಪ್ಪ ಕೆಲಸ ಮಾಡುತ್ತಿರುವ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ಮದುವೆಯದಿದೆ, ರೇಷನ್ ಕಾರ್ಡಿನದಿದೆ, ಅಷ್ಟೇ. ಆದರೆ ಅವರ ಮೇಜು ಕೋಟೆಯ ಎರಡು ಆನೆ ಪ್ರತಿಮೆಗಳ ಹತ್ತಿರವೇ ಇತ್ತು. ಬಂದ ಪ್ರವಾಸಿಗರೆಲ್ಲ ಆನೆ ಮುಂದೆ ನಿಂತು ಫೋಟೋ ತೆಗೆಸುತ್ತಿದ್ದರು. ಹಾಗಾದರೆ ಯಾರದೋ ಆಲ್ಬಮ್ಮಿನಲ್ಲಿ ಅಪ್ಪ ಇರಲೇಬೇಕು, ಅಲ್ವಾ? 1980ರಿಂದ 95ರ ನಡುವೆ ಬಂದವರು ದಯವಿಟ್ಟು ಒಮ್ಮೆ ನೋಡಿ. ಹಿಂದುಗಡೆ ಬಗ್ಗಿ ಕೂತ ಸಣಕಲು ಮನುಷ್ಯ ಕಂಡರೆ ತಿಳಿಸಿ.

ಫೋಟೋ ಇಲ್ಲದಿದ್ದರೆ ಆ ಅಂಗಳದ ನೆನಪಾದರೂ ಬರೆಯಿರಿ.

ಮಂಜುಮಳೆ72
ಆನೆ ಮುಂದೆ ನಿಂತಿದ್ದೇನೆ, ಆನೆ ಮೇಲೆ ಕೂತಿದ್ದೇನೆ, ಆನೆ ಮೇಲಿಂದ ಬಿದ್ದೂ ಇದ್ದೇನೆ. ಗಲ್ಲದಲ್ಲಿ ಗುರುತು ಇನ್ನೂ ಇದೆ. ಫೋಟೋ ಮಾತ್ರ ಇಲ್ಲ. ಊರಿನವರು ಯಾರಾದರೂ ಊರಿನ ಆನೆ ಜೊತೆ ಫೋಟೋ ತೆಗೆಸುತ್ತಾರಾ?

ಕಡುಬುಪ್ರಿಯೆ
ನಿಜ. ನನ್ನ ಹತ್ರ ತಾಜ್ ಮಹಲ್ ಮುಂದಿನ ಫೋಟೋ ಇದೆ, ರಾಜಾಸೀಟಿನದು ಒಂದೂ ಇಲ್ಲ.

ನಾಪೋಕ್ಲು ಬಸ್ಸು
ನಮ್ಮ ಅಜ್ಜ ಮತ್ತು ಅವರ ತಮ್ಮನಿಗೆ ಬಾಣೆಯ (ಗದ್ದೆಗೆ ಸೇರಿದ ಕಾಡು ಜಾಗದ) ಗಡಿ ವಿಷಯಕ್ಕೆ ಕೇಸು ನಡೆಯುತ್ತಿತ್ತು. ಇಬ್ಬರೂ ಒಂದೇ ಐನ್‌ಮನೆಯವರು, ಅಂದರೆ ಒಂದೇ ಕುಲದ ಮೂಲಮನೆಯವರು. ಊರಿಂದ ಮಡಿಕೇರಿಗೆ ಬೆಳಗ್ಗೆ ಇದ್ದದ್ದು ಒಂದೇ ಬಸ್ಸು. ಇಬ್ಬರೂ ಅದರಲ್ಲೇ ಬರಬೇಕು. ಮಾತಿಲ್ಲ. ಆದರೆ ಯಾರು ಮೊದಲು ಹತ್ತುತ್ತಾರೋ ಅವರು ಇಬ್ಬರ ಟಿಕೆಟ್ಟೂ ತೆಗೆಯಬೇಕು. ಅದೊಂದು ಲಿಖಿತವಲ್ಲದ ಒಪ್ಪಂದ. ಅಜ್ಜನ ಕೈ ಹಿಡಿದು ನಾನೂ ಹೋಗುತ್ತಿದ್ದೆ, ನನಗೆ ಅರ್ಧ ಟಿಕೆಟ್. ಚಿಕ್ಕಜ್ಜ ನನ್ನ ಅರ್ಧ ಟಿಕೆಟ್ಟನ್ನೂ ತೆಗೆಯುತ್ತಿದ್ದರು.

ಕೋಟೆ ಬಾಗಿಲು ಬಂದ ಮೇಲೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಅಜ್ಜನ ವಕೀಲರು ಒಂದು ಕಡೆ, ಚಿಕ್ಕಜ್ಜನ ವಕೀಲರು ಇನ್ನೊಂದು ಕಡೆ. ವಕೀಲರಿಬ್ಬರು ಮಾತ್ರ ಒಟ್ಟಿಗೆ ಕಾಫಿಗೆ ಹೋಗುತ್ತಿದ್ದರು. ಅದನ್ನು ನೋಡಿ ಅಜ್ಜನಿಗೆ ಹೊಟ್ಟೆ ಉರಿ.

ನಿವೃತ್ತ ಕರಿಕೋಟು
ವಕೀಲರು ಒಟ್ಟಿಗೆ ಕಾಫಿ ಕುಡಿಯದೆ ಮತ್ತೇನು ಮಾಡಬೇಕು ಸ್ವಾಮಿ? ಜಗಳ ನಿಮ್ಮದು, ನಮ್ಮದಲ್ಲ.

ನಾನು ಪುತ್ತೂರು ಕಡೆಯವನು, ಆದರೆ ಕೆಲವು ಕೇಸುಗಳಿಗೆ ಮಡಿಕೇರಿಗೆ ಬಂದಿದ್ದೇನೆ. ಅಷ್ಟು ಚಂದದ ಜಾಗದಲ್ಲಿ ಕೋರ್ಟು ನೋಡಿದ್ದು ಅದೊಂದೇ. ಆಚೆ ಅರಮನೆ, ಈಚೆ ಹಳೇ ಇಗರ್ಜಿ, ಒಳಗೆ ಗಣಪತಿ ಗುಡಿ, ಒಂದು ಮೂಲೆಯಲ್ಲಿ ಜೈಲು. ಮನುಷ್ಯನಿಗೆ ಬೇಕಾದ್ದೆಲ್ಲ ಒಂದೇ ಗೋಡೆಯೊಳಗೆ. ಟೈಪ್ ಮಾಡುವವರ ಸಾಲು ನೆನಪಿದೆ. ನಿಮ್ಮ ಅಪ್ಪನ ಹತ್ತಿರವೂ ಒಂದು ಅಫಿಡವಿಟ್ ಮಾಡಿಸಿದ್ದೆನೋ ಏನೋ.

ಸಿಹಿಮೆಣಸು
ರಾಜನಿಗೆ ಬೆಳಗ್ಗೆ ನಮಸ್ಕಾರ ಮಾಡುತ್ತಿದ್ದ ಆನೆಯನ್ನು ರಾಜ ಕೋಪದಲ್ಲಿ ಕೊಂದನಂತೆ. ಆಮೇಲೆ ಪಶ್ಚಾತ್ತಾಪ ಆಗಿ ಈ ಕಲ್ಲಿನ ಆನೆಗಳನ್ನು ಮಾಡಿಸಿದನಂತೆ. ನಮಗೆ ಟೀಚರ್ ಹೇಳಿದ ಕಥೆ.

ಒಂದು ತಿದ್ದುಪಡಿ
ಕಲ್ಲಿನ ಆನೆ ಅಲ್ಲ, ಗಾರೆಯದು. ಕಥೆ ಊರ ಕಥೆ, ಅದನ್ನು ಇತಿಹಾಸ ಅಂದುಕೊಳ್ಳಬೇಡಿ. ಕಲ್ಲಿನಲ್ಲಿ ಇರುವುದು ಆಮೆ, ಅರಮನೆಯ ಒಳ ಅಂಗಳದಲ್ಲಿ.

ಮಂಜುಮಳೆ72
ಗಾರೆ ಆದರೆ ನನ್ನ ಗಲ್ಲ ಯಾಕೆ ಒಡೆಯಿತು?

ಒಂದು ತಿದ್ದುಪಡಿ
ನೀವು ಬಿದ್ದದ್ದು ನೆಲಕ್ಕೆ. ಆನೆಗಲ್ಲ.

ಸಿಹಿಮೆಣಸು
ಆಮೆ ಮೇಲೂ ಕೂತಿದ್ದೇನೆ! ಜವಾನರು ಓಡಿಸಿಕೊಂಡು ಬಂದರು. ಆಮೆ ಮೇಲೆ ಕೂತು ಓಡುವುದು ಹೇಗೆ ಅಂತ ಕೇಳಬೇಡಿ.

ಗಡಿಯಾರದ ಮುಳ್ಳು
ನಮ್ಮ ಲೆಕ್ಕ ಎಲ್ಲಾ ಅರಮನೆ ಗಡಿಯಾರದ ಮೇಲೆ. ಅದು ನಾಲ್ಕು ಮುಟ್ಟುವುದಕ್ಕೂ ನಾವು ಕೋಟೆ ಹತ್ತುವುದಕ್ಕೂ ಸರಿ. ಆ ಗಡಿಯಾರ ಗೋಪುರವನ್ನು ರಾಜರು ಎಷ್ಟು ಮುಂದಾಲೋಚನೆಯಿಂದ ಕಟ್ಟಿಸಿದ್ದಾರೆ ನೋಡಿ.

ಒಂದು ತಿದ್ದುಪಡಿ
ಮತ್ತೆ ನಾನೇ, ಕ್ಷಮಿಸಿ. ಗಡಿಯಾರ ಗೋಪುರ ರಾಜರದಲ್ಲ. 1933ರಲ್ಲಿ ಬ್ರಿಟಿಷರು ಸೇರಿಸಿದ್ದು. ಕಮಿಷನರ ಕಾರು ನಿಲ್ಲಿಸಲು ಮುಂದೊಂದು ಪೋರ್ಟಿಕೋ ಕೂಡ ಆಗಲೇ ಆಯಿತು. ಮೊದಲು ಇದ್ದದ್ದು ಮುದ್ದುರಾಜನ ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟವನು ಟಿಪ್ಪು. ಈಗಿನ ಅರಮನೆ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 14. 1834ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಯಾರು ಬಂದರೂ ಕೋಟೆಗೆ ಒಂದೊಂದು ತುಂಡು ಜೋಡಿಸಿದರು.

ಗಡಿಯಾರದ ಮುಳ್ಳು
ಆಯ್ತು ಮೇಷ್ಟ್ರೇ. ಗಡಿಯಾರ ಬ್ರಿಟಿಷರದು. ಕೋಟೆ ಹತ್ತಿದ ಕಾಲು ನನ್ನದೇ ತಾನೆ?

ಈಡುಗಾಯಿ
ಈ ಚರ್ಚೆಯಲ್ಲಿ ಇನ್ನೂ ಯಾರೂ ತೆಂಗಿನಕಾಯಿ ವಿಷಯ ತೆಗೆದಿಲ್ಲ, ಆಶ್ಚರ್ಯ.

ಕೋಟೆ ಗಣಪತಿಗೆ ಈಡುಗಾಯಿ ಹರಕೆ ಹೊರುತ್ತಾರೆ. ಕೇಸು ಇದ್ದ ದಿನ ಜನ ಮೊದಲು ಗುಡಿಗೆ, ಆಮೇಲೆ ಕೋರ್ಟಿಗೆ. ನಾವು ನಾಲ್ಕೈದು ಹುಡುಗರು ರಜೆಯಲ್ಲಿ ಬೆಳಗ್ಗೆಯೇ ಗುಡಿ ಮುಂದೆ ಹಾಜರ್. ಒಬ್ಬರು ಬಂದು ಕಾಯಿ ಒಡೆದರು, ಹೆಕ್ಕಿದೆವು. ಹತ್ತು ನಿಮಿಷಕ್ಕೆ ಅವರ ಎದುರಾಳಿ ಬಂದು ಒಡೆದರು, ಅದನ್ನೂ ಹೆಕ್ಕಿದೆವು. ವಾದಿಯದೂ ತಿಂದೆವು, ಪ್ರತಿವಾದಿಯದೂ ತಿಂದೆವು. ಗಣಪತಿ ಯಾರ ಪರ ಅಂತ ನಮಗೆ ತಲೆಬಿಸಿ ಇರಲಿಲ್ಲ. ದೊಡ್ಡ ದೊಡ್ಡ ಕೇಸಿನ ದಿನ ಚಡ್ಡಿ ಜೇಬು ಒದ್ದೆ ಆಗುವಷ್ಟು ಕಾಯಿ. ಮನೆಯಲ್ಲಿ ಅಮ್ಮ ಅದನ್ನೇ ಚಟ್ನಿ ಮಾಡುತ್ತಿದ್ದರು. ಒಂದು ರೀತಿಯಲ್ಲಿ ನಾನು ಕೊಡಗಿನ ವ್ಯಾಜ್ಯಗಳ ಮೇಲೇ ಬೆಳೆದವನು.

ನಿವೃತ್ತ ಕರಿಕೋಟು
ನಾನೂ ಅಷ್ಟೇ.

ಕಾರ್ಬನ್‌ಪೇಪರ್
ಈಡುಗಾಯಿ ಅವರೇ, ಚಡ್ಡಿ ಜೇಬಿನ ತುಂಬ ಕಾಯಿ ಹಾಕಿಕೊಂಡು ಅಪ್ಪನ ಮೇಜಿನ ಪಕ್ಕ ಓಡಿ ಹೋಗುತ್ತಿದ್ದ ಗುಂಪು ನಿಮ್ಮದೇನಾ? ನಿಮ್ಮಲ್ಲೊಬ್ಬ ಒಮ್ಮೆ ಟೈಪ್‌ರೈಟರಿನ ಗಾಡಿ ತಳ್ಳಿ ಗಂಟೆ ಬಾರಿಸಿ ಓಡಿಹೋದ. ಅರ್ಧ ಆದ ಸಾಲು ಹಾಳಾಯಿತು. ಅಪ್ಪ ಆ ಹಾಳೆ ಎಸೆದು ಮೊದಲಿಂದ ಹೊಡೆದರು.

ಈಡುಗಾಯಿ
ಅದು ನಾನಲ್ಲ.

ಈಡುಗಾಯಿ
ನಾನಿರಬಹುದು.

ಬಿಸಿಲುಸೀಮೆ
ಎಲ್ಲರೂ ಕೋರ್ಟನ್ನು ಜಾತ್ರೆ ಥರ ನೆನೆಸುತ್ತಿದ್ದೀರಿ. ನನ್ನ ಅನುಭವ ಬೇರೆ. ನಾನು ಕೊಡಗಿನವನಲ್ಲ, ಬೇರೆ ಜಿಲ್ಲೆ, ಬೇರೆ ತಾಲೂಕು, ಹೆಸರು ಬೇಡ. ಅಪ್ಪ ಹೊಲದ ಕೇಸಿಗೆ ಎಂಟು ವರ್ಷ ಅಲೆದರು. ನಾನು ಜೊತೆಗೆ ಹೋಗಿದ್ದು ನಾಲ್ಕೈದು ಸಲ. ನನಗೆ ನೆನಪಿರುವುದು ಒಂದು ಹುಣಸೆ ಮರ, ಅದರ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿ ಕೂತ ಜನ, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸಂಜೆ ಆದ ಮೇಲೆ 'ಮುಂದಿನ ವಾಯಿದೆ' ಅಂತ ಒಂದು ತಾರೀಖು ಸಿಗುತ್ತಿತ್ತು. ಅಪ್ಪ ಅದನ್ನು ಬೀಡಿ ಕಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದರು. ಆ ಅಂಗಳದ ಬಗ್ಗೆ ನನಗೆ ಯಾವ ಸವಿನೆನಪೂ ಇಲ್ಲ. ಅಲ್ಲಿ ಕೆಲಸ ಮಾಡಿದವರ ಮಕ್ಕಳಿಗೆ ಅದು ಅಂಗಳ. ನಮಗಲ್ಲ.

ಕಡುಬುಪ್ರಿಯೆ
ಪಾಪ, ಅದೂ ಸರಿ. ಆದರೆ ಕೇಳಿದ್ದು ಬಾಲ್ಯದ ನೆನಪು ತಾನೆ, ಕೋರ್ಟು ಒಳ್ಳೆಯದಾ ಕೆಟ್ಟದ್ದಾ ಅಂತ ಅಲ್ಲ.

ಬಿಸಿಲುಸೀಮೆ
ನಾನು ಬರೆದದ್ದೂ ಬಾಲ್ಯದ ನೆನಪೇ.

ಕಾರ್ಬನ್‌ಪೇಪರ್
ಬಿಸಿಲುಸೀಮೆ ಅವರು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಮೇಜಿನ ಕೆಳಗೆ ಕೂತವಳಿಗೆ ಕಾಣುತ್ತಿದ್ದದ್ದು ಬರೀ ಕಾಲುಗಳು. ಚಪ್ಪಲಿ ಇಲ್ಲದ ಕಾಲು, ಕೆಸರು ಮೆತ್ತಿದ ಕಾಲು, ಪಾಲಿಶ್ ಹೊಡೆದ ಬೂಟು. ಅರ್ಜಿಯಲ್ಲಿ ಏನು ಬರೆಯಬೇಕು ಅಂತ ಹೇಳುವಾಗ ಕೆಲವರ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಆಗ ಅಪ್ಪ ಟೈಪ್ ನಿಲ್ಲಿಸಿ ಕಾಯುತ್ತಿದ್ದರು. ಟಕಟಕ ನಿಂತಿತು ಅಂದರೆ ಮೇಲೆ ಯಾರೋ ಅಳುತ್ತಿದ್ದಾರೆ ಅಂತ ನನಗೆ ಗೊತ್ತಾಗುತ್ತಿತ್ತು.

ನಿವೃತ್ತ ಕರಿಕೋಟು
ಬಿಸಿಲುಸೀಮೆಯವರ ಮಾತಿಗೆ ಎದುರಾಡುವುದಿಲ್ಲ. ಒಂದು ಮಾಹಿತಿ ಮಾತ್ರ. ಸಿವಿಲ್ ಕೇಸಿನಲ್ಲಿ ಒಬ್ಬರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅಂತ 2002ರ ಜುಲೈ 1ರಿಂದ ನಿಯಮ ಇದೆ. ನಕ್ಕರೂ ಪರವಾಗಿಲ್ಲ.

ಇನ್ನು 70ರ ದಶಕದಲ್ಲಿ ತಾಲೂಕು ಕಚೇರಿಗಳ ಮುಂದೆ ಇದ್ದ ಜನ ನೋಡಬೇಕಿತ್ತು. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ್ದಾಯಿತು. ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಬೇಕು. ಅಲ್ಲಿ ವಕೀಲರು ಕಾಲಿಡುವ ಹಾಗೇ ಇರಲಿಲ್ಲ. ಕಾನೂನಿನಲ್ಲೇ ಹಾಗೆ ಬರೆದಿತ್ತು. ಸುಪ್ರೀಂ ಕೋರ್ಟ್ ಅದು ಸರಿಯಲ್ಲ ಅಂದದ್ದು 1987ರಲ್ಲಿ. ಅಲ್ಲಿವರೆಗೆ ರೈತನಿಗೆ ವಕೀಲ ಇಲ್ಲ, ಇದ್ದದ್ದು ಅರ್ಜಿ ಬರೆಯುವವನು. ನಮ್ಮ ಕಡೆ ಎಷ್ಟೋ ಒಕ್ಕಲುಗಳಿಗೆ ಭೂಮಿ ಸಿಕ್ಕಿದ್ದು ಏಳನೇ ನಮೂನೆಯನ್ನು ಸರಿಯಾಗಿ ತುಂಬಿಕೊಟ್ಟ ಒಬ್ಬ ಬರಹಗಾರನಿಂದ. ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಮುಗಿಯಿತು. ಹಾಗಾಗಿ ಆ ಮೇಜುಗಳನ್ನು ನಾನು ಹಗುರವಾಗಿ ನೋಡುವುದಿಲ್ಲ.

ನಾಪೋಕ್ಲು ಬಸ್ಸು
ಕೊಡಗಿನಲ್ಲಿ ಆ ಮೇಜಿಗೆ ಇನ್ನೊಂದು ಕೆಲಸ ಇತ್ತು, ಕೋವಿ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಆದರೆ ವಿನಾಯಿತಿ ಪತ್ರ ಬೇಕು. ಅದಕ್ಕೆ ಡಿ.ಸಿ. ಆಫೀಸಿಗೆ ಅರ್ಜಿ. ಲೈಸೆನ್ಸ್ ಬೇಡ ಅನ್ನುವುದಕ್ಕೂ ಕಾಗದ ಬೇಕು! ನಮ್ಮ ಅಜ್ಜ ಇದನ್ನು ಪ್ರತಿ ಸಲ ಹೇಳಿ ನಗುತ್ತಿದ್ದರು.

ಟೆಕ್ಸಾಸ್‌ನಿಂದ
ನಾನೀಗ ಇರುವ ಕಡೆ ಪ್ರತಿ ಕೌಂಟಿ ಊರಿನ ಮಧ್ಯೆ ಕೋರ್ಟ್‌ಹೌಸ್ ಇರುತ್ತದೆ. ಸುತ್ತ ಚೌಕಾಕಾರದ ರಸ್ತೆ, ನಾಲ್ಕೂ ಕಡೆ ಅಂಗಡಿ. ಹತ್ತಿರದ ಜಾರ್ಜ್‌ಟೌನ್‌ನಲ್ಲಿ 1911ರ ಕಟ್ಟಡ, ಗುಮ್ಮಟ, ಗಡಿಯಾರ ಎಲ್ಲಾ ಇದೆ. ಜನ ಅಲ್ಲಿ ಐಸ್‌ಕ್ರೀಮ್ ತಿನ್ನಲು ಬರುತ್ತಾರೆ, ಮದುವೆ ಫೋಟೋ ತೆಗೆಸುತ್ತಾರೆ. ನೋಡಲು ಬಹಳ ಚಂದ. ಆದರೆ ಹೊರಗೆ ಮೇಜು ಹಾಕಿ ಕೂತವರು ಯಾರೂ ಇಲ್ಲ. ಮೊದಲ ಸಲ ನೋಡಿದಾಗ ಏನೋ ಕಡಿಮೆ ಅನ್ನಿಸಿತು. ಈಗ ಗೊತ್ತಾಯಿತು.

ಗಡಿಯಾರದ ಮುಳ್ಳು
ಅಲ್ಲಿ ಗಡಿಯಾರ ಯಾರು ಕಟ್ಟಿಸಿದ್ದು ಅಂತ ತಿದ್ದುಪಡಿಯವರನ್ನು ಕೇಳೋಣ.

ಒಂದು ತಿದ್ದುಪಡಿ
ನನಗೆ ರಾತ್ರಿ ಊಟ ಇದೆ.

ಸುಳ್ಯದವಳು
ಆನೆ, ಆಮೆ, ಕಾಯಿ ಎಲ್ಲಾ ಬಂತು. ಒಂದು ಮಾತು ನಾನೂ ಸೇರಿಸಬೇಕು. ಅದೇ ಕೋಟೆಯಲ್ಲಿ 1837ರ ಅಕ್ಟೋಬರ್ 31ರಂದು ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದರು. ಬ್ರಿಟಿಷರ ವಿರುದ್ಧ ನಡೆದ ಅಮರ ಸುಳ್ಯದ ಹೋರಾಟದ ಮುಂದಾಳು ಅವರು. ಹೆಂಡತಿ ಮಕ್ಕಳ ಕಣ್ಣೆದುರೇ ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ನನ್ನ ಅಜ್ಜಿ ಮಡಿಕೇರಿಗೆ ಬಂದರೆ ಕೋಟೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಗಣಪತಿಗೆ ಅಂತ ಎಲ್ಲರೂ ತಿಳಿದಿದ್ದರು. ಗಣಪತಿಗಲ್ಲ.

ಮಂಜುಮಳೆ72
ಹತ್ತು ವರ್ಷ ಅಲ್ಲೇ ಆಡಿದ್ದೇನೆ. ಶಾಲೆಯಲ್ಲಿ ಒಬ್ಬರೂ ನಮಗೆ ಇದನ್ನು ಹೇಳಲಿಲ್ಲ. ಆನೆ ಕಥೆ ಮಾತ್ರ ಹೇಳಿದರು.

ಸುಳ್ಯದವಳು
ಆನೆ ಕಥೆ ಹೇಳುವುದು ಸುಲಭ.

ಹಳೇ ಪೇಟೆ
ನನ್ನ ಮಾವ ಕೊಡಗು ವಿಧಾನಸಭೆಯಲ್ಲಿ ಅಟೆಂಡರ್. ಹೌದು, ಕೊಡಗಿಗೇ ಒಂದು ವಿಧಾನಸಭೆ ಇತ್ತು. 1952ರಲ್ಲಿ ಚುನಾವಣೆ, 24 ಸದಸ್ಯರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಸಭೆ ಸೇರುತ್ತಿದ್ದದ್ದು ಈ ಕೋಟೆಯಲ್ಲೇ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿ ಎಲ್ಲಾ ಮುಗಿಯಿತು. ಮಾವ ಹೇಳುತ್ತಿದ್ದರು, 'ನಾನು ಇಡೀ ಸರ್ಕಾರಕ್ಕೆ ಒಂದೇ ತಟ್ಟೆಯಲ್ಲಿ ಕಾಫಿ ತೆಗೆದುಕೊಂಡು ಹೋಗಿದ್ದೇನೆ' ಅಂತ. ನಮಗೆ ಬಡಾಯಿ ಅನ್ನಿಸುತ್ತಿತ್ತು. ಲೆಕ್ಕ ಹಾಕಿದರೆ ಸುಳ್ಳೇನಲ್ಲ.

ಒತ್ತಕ್ಷರ
ಮೂಲ ಪ್ರಶ್ನೆಗೆ ಬರೋಣ. ರೆಮಿಂಗ್ಟನ್ ಕನ್ನಡ ಟೈಪ್‌ರೈಟರ್ ಅಂದಿರಲ್ಲ, ನಾನು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದು ಅದರಲ್ಲೇ. ಕಿರುಬೆರಳಿಗೆ ಗಂಟು ಬಂದಿತ್ತು. ಆ ಕೀಲಿಮಣೆ ಮಾಡಿದ್ದು ಕೆ.ಪಿ. ರಾವ್ ಅಲ್ವಾ?

ಒಂದು ತಿದ್ದುಪಡಿ
ಊಟ ಆಯಿತು. ಅಲ್ಲ. ಟೈಪ್‌ರೈಟರ್ ಕೀಲಿಮಣೆ ಅನಂತಸುಬ್ಬರಾಯರದು. ಕೆ.ಪಿ. ರಾವ್ ಅವರದು ಕಂಪ್ಯೂಟರಿನದು, ಈಗ ನುಡಿ ತಂತ್ರಾಂಶದಲ್ಲಿ ಇರುವುದು.

ಒತ್ತಕ್ಷರ
ಸರಿ. ಆ ಯಂತ್ರದಲ್ಲಿ ಒತ್ತಕ್ಷರ ಹೊಡೆಯುವುದೇ ಒಂದು ಕಸರತ್ತು. ಕೆಲವು ಕೀಲಿ ಒತ್ತಿದರೆ ಗಾಡಿ ಮುಂದೆ ಹೋಗುವುದಿಲ್ಲ, ಅಲ್ಲೇ ನಿಲ್ಲುತ್ತದೆ, ಮುಂದಿನ ತುಂಡು ಅದರ ಮೇಲೇ ಕೂರಬೇಕು. ಒಂದು ಅಕ್ಷರ ಎರಡು ಮೂರು ಹೊಡೆತ. 'ನ್ಯಾಯಾಲಯ' ಅಂತ ಹೊಡೆಯುವಷ್ಟರಲ್ಲಿ ಇಂಗ್ಲಿಷಿನವರು ಅರ್ಧ ಪುಟ ಮುಗಿಸಿರುತ್ತಿದ್ದರು.

ಕಾರ್ಬನ್‌ಪೇಪರ್
ಹೌದು! ಅಪ್ಪನಿಗೆ 'ಮೊಕದ್ದಮೆ' ಇಷ್ಟ ಇರಲಿಲ್ಲ. 'ಕೇಸು' ಅಂತ ಬರೆದರೆ ಸಾಕಲ್ಲ ಅಂತ ಗೊಣಗುತ್ತಿದ್ದರು.

ಮಳೆಗಾಲದಲ್ಲಿ ಇನ್ನೂ ಕಷ್ಟ. ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯಲ್ಲಿ ಕಾಗದ ಗರಿಗರಿ ಇರುವುದಾದರೂ ಹೇಗೆ? ಮೇಜು ಜಗಲಿಗೆ ಬರುತ್ತಿತ್ತು. ಹಾಳೆಗಳನ್ನು ಅಪ್ಪ ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ, ಹೊಟ್ಟೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದರು. ಒಂದೊಂದೇ ತೆಗೆದು ಯಂತ್ರಕ್ಕೆ ಹಾಕುವುದು. ಕೈಗೆ ಬಂದ ಅರ್ಜಿ ಬೆಚ್ಚಗಿರುತ್ತಿತ್ತು. ಹಳ್ಳಿಯ ಒಬ್ಬ ಅಜ್ಜ ಅದನ್ನು ಕೈಗೆ ತೆಗೆದುಕೊಂಡು 'ಈಗಷ್ಟೇ ಬೇಯಿಸಿದ್ದಾ?' ಅಂತ ಕೇಳಿದ್ದರು. ಮನೆಯಲ್ಲಿ ಆ ಮಾತು ಬಹಳ ದಿನ ಓಡಿತು.

ಕಡುಬುಪ್ರಿಯೆ
ಬೇಯಿಸಿದ್ದು ಅಂದಾಗ ನೆನಪಾಯಿತು. ಕೊಡವರ ಕಕ್ಕಡ ತಿಂಗಳ ಹದಿನೆಂಟರ ದಿನ ಮದ್ದುಸೊಪ್ಪಿನ ಪಾಯಸ ತಂದುಕೊಡುವವರು ಇರಲಿಲ್ಲವಾ? ಆಗಸ್ಟ್ 3. ನಮ್ಮ ಮನೆಯಿಂದ ಅಪ್ಪನ ಆಫೀಸಿಗೆ ಎರಡು ಟಿಫಿನ್ ಕ್ಯಾರಿಯರ್ ಹೋಗುತ್ತಿತ್ತು.

ಕಾರ್ಬನ್‌ಪೇಪರ್
ಬರುತ್ತಿತ್ತು. ಒಂದು ವರ್ಷ ಅದರ ನೇರಳೆ ಬಣ್ಣ ಒಂದು ಅಫಿಡವಿಟ್ ಮೇಲೆ ಬಿದ್ದು ಅಪ್ಪ ಮತ್ತೆ ಟೈಪ್ ಮಾಡಬೇಕಾಯಿತು. ಚೆಲ್ಲಿದ್ದು ನಾನು. ಬೈಯಲಿಲ್ಲ. ಹಾಳಾದ ಹಾಳೆಯ ಹಿಂಭಾಗದಲ್ಲಿ ಮಗ್ಗಿ ಬರೆಸಿದರು, ಹದಿನೆಂಟರದ್ದು.

ಟೆಕ್ಸಾಸ್‌ನಿಂದ
ಮದ್ದುಪಾಯಸ ತಿಂದ ಮರುದಿನ ಬೆಳಗ್ಗೆ ಬಚ್ಚಲಲ್ಲಿ ಕೆಂಪು ಬಣ್ಣ ನೋಡಿ ಹೆದರಿ ಅಮ್ಮನನ್ನು ಕೂಗಿದವರು ಕೈ ಎತ್ತಿ.

ಈಡುಗಾಯಿ
🖐️ ಇಲ್ಲಿ ಬೇಡ ಆ ವಿಷಯ.

ಕುಂದಾಪ್ರೇಮಿ
ಬೆಳಗಾವಿಯಿಂದ. ನಮ್ಮಲ್ಲಿ ಕೋರ್ಟ್ ಅಂಗಳ ಅಂದರೆ ಮೊದಲು ನೆನಪಾಗುವುದು ಛಾಪಾ ಕಾಗದದ ವೆಂಡರ್. ಪೆಟ್ಟಿಗೆ, ಅದರ ಮೇಲೆ ದಪ್ಪ ರಿಜಿಸ್ಟರ್, ಹಿಂದೆ ಕನ್ನಡಕದ ಮನುಷ್ಯ. ಆಮೇಲೆ ನಮ್ಮ ಜಿಲ್ಲೆಯವನೇ, ಖಾನಾಪುರದ ತೆಲಗಿ, ನಕಲಿ ಛಾಪಾ ಕಾಗದ ಹೊಡೆದು ದೇಶವನ್ನೇ ಅಲುಗಾಡಿಸಿದ. ಆ ಹಗರಣದ ನಂತರ ನಮ್ಮ ರಾಜ್ಯದಲ್ಲಿ ಛಾಪಾ ಕಾಗದವೇ ಹೋಯಿತು, ಇ-ಸ್ಟಾಂಪ್ ಬಂತು. ಪೆಟ್ಟಿಗೆಯ ಮನುಷ್ಯ ಏನಾದ ಅಂತ ಯಾರೂ ಕೇಳಲಿಲ್ಲ. ಖಾನಾಪುರ ಸ್ಟೇಷನ್ನಿನಲ್ಲಿ ಹಣ್ಣು ಮಾರಿ ಬೆಳೆದ ಹುಡುಗನ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ.

ನಿವೃತ್ತ ಕರಿಕೋಟು
ಅದು ಸತ್ಯ. ಪಹಣಿ ಕಂಪ್ಯೂಟರಿಗೆ ಹೋಯಿತು, ಛಾಪಾ ಕಾಗದ ಹೋಯಿತು, ಟೈಪ್‌ರೈಟರ್ ಹೋಯಿತು. ಮುನ್ಸೀಫರು ಕೂಡ 90ರ ದಶಕದಲ್ಲಿ ಸಿವಿಲ್ ಜಡ್ಜ್ ಕಿರಿಯ ಶ್ರೇಣಿ ಆದರು. ಈಗಲೂ ಹಳ್ಳಿಯವರು 'ಮುನ್ಸೀಪ್ ಕೋರ್ಟು' ಅಂತಲೇ ಹೇಳುವುದು. ಬದಲಾಗದೆ ಉಳಿದದ್ದು ಒಂದೇ, ಹೆಸರು ಕೂಗುವುದು.

ಸಿಹಿಮೆಣಸು
ಅಯ್ಯೋ ಆ ಕೂಗು! ಬಾಗಿಲಲ್ಲಿ ನಿಂತು ಮೂರು ಸಲ. ನಾವು ಅದನ್ನೇ ಆಟ ಮಾಡಿಕೊಂಡಿದ್ದೆವು. ಒಬ್ಬ ಜವಾನ, ಒಬ್ಬ ಜಡ್ಜು, ಉಳಿದವರು ಕಳ್ಳರು. ಜಡ್ಜಾಗಲು ಯಾರೂ ತಯಾರಿರುತ್ತಿರಲಿಲ್ಲ. ಜಡ್ಜಾದರೆ ಸುಮ್ನೆ ಕೂರಬೇಕು. ಎಲ್ಲರಿಗೂ ಜವಾನನೇ ಆಗಬೇಕು, ಕೂಗುವುದಕ್ಕೆ.

ಹಳೇ ಇಗರ್ಜಿ ಮ್ಯೂಸಿಯಂ ಆಗಿತ್ತಲ್ಲ, 1855ರ ಕಟ್ಟಡ. ಅದರ ಸುತ್ತ ಇದ್ದ ವೀರಗಲ್ಲುಗಳೇ ನಮ್ಮ ಸಾಕ್ಷಿಗಳು. 'ಸಾಕ್ಷಿ ಮಾತಾಡುತ್ತಿಲ್ಲ ಸ್ವಾಮಿ' ಅಂತ ಹೇಳಿದರೆ ಕೇಸು ಖುಲಾಸೆ.

ಬಿಸಿಲುಸೀಮೆ
ಇದಕ್ಕೆ ನನಗೂ ನಗು ಬಂತು.

ನಮ್ಮ ಕಡೆ ಕೂಗುತ್ತಿದ್ದವನು ಅಪ್ಪನ ಹೆಸರನ್ನು ಅಡ್ಡಹೆಸರಿನ ಸಮೇತ, ರಾಗ ಎಳೆದು ಕೂಗುತ್ತಿದ್ದ. ಊರಲ್ಲಿ ಅಪ್ಪನನ್ನು ಯಾರೂ ಪೂರ್ತಿ ಹೆಸರಿಂದ ಕರೆದಿರಲಿಲ್ಲ. ಅಷ್ಟು ಜನರ ಮಧ್ಯೆ ಅಪ್ಪನ ಹೆಸರು ಅಷ್ಟು ಜೋರಾಗಿ ಕೇಳಿದಾಗ ನನಗೆ ಹೆಮ್ಮೆ ಅನ್ನಿಸಿತ್ತು. ಅಪ್ಪ ಓಡುತ್ತಾ ಹೋದರು, ಟವಲ್ ಹೆಗಲಿಂದ ಬಿತ್ತು, ನಾನು ಹೆಕ್ಕಿದೆ. ಇದು ಮರೆತೇ ಹೋಗಿತ್ತು ನನಗೆ.

ನಾಪೋಕ್ಲು ಬಸ್ಸು
ಈಗ ಕೋಟೆಯಲ್ಲಿ ಕೋರ್ಟೂ ಇಲ್ಲ, ಡಿ.ಸಿ. ಆಫೀಸೂ ಇಲ್ಲ. ಎರಡೂ ಬೇರೆ ಬೇರೆ ಹೊಸ ಕಟ್ಟಡಕ್ಕೆ ಹೋಗಿವೆ. ಹೋದ ವರ್ಷ ಹೊಸ ಕೋರ್ಟಿಗೆ ಹೋಗಿದ್ದೆ. ಲಿಫ್ಟು, ಪಾರ್ಕಿಂಗು, ಎಲ್ಲಾ ಅನುಕೂಲ. ಒಳ್ಳೆಯದೇ. ಕೋಟೆಗೂ ಒಳ್ಳೆಯದು, ಅರಮನೆ ಸೋರುತ್ತಿತ್ತು.

ಮಂಜುಮಳೆ72
ಒಳ್ಳೆಯದು ಅಂತ ಹೇಳಬಹುದು. ನನಗಂತೂ ಖಾಲಿ ಕೋಟೆ ನೋಡಲು ಆಗುವುದಿಲ್ಲ. ದಸರಾಕ್ಕೆ ಕೋಟೆ ಗಣಪತಿ ಮಂಟಪ ಹೊರಡುವಾಗ ಮಾತ್ರ ಜೀವ ಬರುತ್ತದೆ.

ನಾಪೋಕ್ಲು ಬಸ್ಸು
ಸೋರುವ ಕೋಣೆಯಲ್ಲಿ ಕೂತು ಕೆಲಸ ಮಾಡಿದವರನ್ನು ಕೇಳಿ ನೋಡಿ. ಬಕೆಟ್ ಇಟ್ಟುಕೊಂಡು ಫೈಲು ನೋಡಬೇಕಿತ್ತಾ? ನಿಮಗೆ ಆಡಲು ಅಂಗಳ ಬೇಕು ಅಂತ?

ಮಂಜುಮಳೆ72
ನನಗೆ ಐವತ್ತು ದಾಟಿದೆ. ಆಡಲು ಬೇಡ. ಕೂರಲು ಬೇಕು.

ಹಾಸನದ ಆಲ್ಬಂ
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಇದನ್ನು ಓದುತ್ತಿದ್ದೆ, ಅತ್ತೆಯ ಟ್ರಂಕು ಹುಡುಕಿಸಿದೆ. 1988ರ ಮೇ ತಿಂಗಳಲ್ಲಿ ಹೈಸ್ಕೂಲ್ ಟೀಚರುಗಳ ಗುಂಪು ಮಡಿಕೇರಿಗೆ ಹೋಗಿತ್ತು. ಅತ್ತೆ ಅದರಲ್ಲಿದ್ದರು. ಆನೆ ಮುಂದೆ ಒಂಬತ್ತು ಜನ ಸಾಲಾಗಿ ನಿಂತ ಫೋಟೋ ಇದೆ, ಹಿಂದೆ ತಾರೀಖೂ ಬರೆದಿದೆ. ಬಲ ತುದಿಯಲ್ಲಿ ಎರಡು ಮೇಜು ಕಾಣುತ್ತವೆ. ಒಂದರಲ್ಲಿ ಬಿಳಿ ಅಂಗಿಯ ದಪ್ಪನೆಯ ವ್ಯಕ್ತಿ. ಸ್ಕ್ಯಾನ್ ಮಾಡಿ ಕಾರ್ಬನ್‌ಪೇಪರ್ ಅವರಿಗೆ ಕಳಿಸಿದ್ದೇನೆ. ನೀವು ಸಣಕಲು ಅಂದಿದ್ದಿರಿ, ಹಾಗಾಗಿ ಇವರು ಅಲ್ಲವೇನೋ.

ಈಡುಗಾಯಿ
ಬೇಗ ನೋಡಿ ಹೇಳಿ!

ಒತ್ತಕ್ಷರ
ಯಂತ್ರ ಯಾವುದು ಅಂತ ಕಾಣುತ್ತದಾ?

ಕಡುಬುಪ್ರಿಯೆ
ಅಯ್ಯೋ ಇವರು ಎಲ್ಲಿ ಹೋದರು?

ಕಾರ್ಬನ್‌ಪೇಪರ್
ಈಗ ನೋಡಿದೆ. ಅಮ್ಮನಿಗೂ ತೋರಿಸಿದೆ, ಅದಕ್ಕೇ ತಡ ಆಯಿತು.

ದಪ್ಪ ವ್ಯಕ್ತಿ ಅಪ್ಪ ಅಲ್ಲ. ಅವರು ಪಕ್ಕದ ಮೇಜಿನವರು, ಇಂಗ್ಲಿಷ್ ಟೈಪ್ ಮಾಡುತ್ತಿದ್ದವರು. ಅಪ್ಪನಿಗೂ ಅವರಿಗೂ ಗಿರಾಕಿ ವಿಷಯಕ್ಕೆ ಹದಿನೈದು ವರ್ಷ ಮಾತು ಅಷ್ಟಕ್ಕಷ್ಟೇ. ಅವರು ಕ್ಯಾಮೆರಾ ನೋಡಿ ಚೆನ್ನಾಗಿ ನಗುತ್ತಿದ್ದಾರೆ. ಅಮ್ಮ ನೋಡಿದ ತಕ್ಷಣ 'ಇವರು ಎಲ್ಲಾ ಕಡೆ ಮುಂದೆ ಬರುತ್ತಾರೆ' ಅಂದಳು.

ಎರಡನೇ ಮೇಜು ಖಾಲಿ. ಯಂತ್ರದಲ್ಲಿ ಹಾಳೆ ಇದೆ, ಅರ್ಧ ಹೊರಗೆ ಬಂದಿದೆ. ಕುರ್ಚಿಯ ಬೆನ್ನಿಗೆ ಕೊಡೆ ಇದೆ. ಕಪ್ಪು ಬಿಳುಪು ಫೋಟೋ, ಕೆಂಪು ಕಾಣುವುದಿಲ್ಲ. ಆದರೆ ಹಿಡಿಯ ಹತ್ತಿರ ದಪ್ಪಗೆ ಏನೋ ಸುತ್ತಿದೆ. ಅಮ್ಮ ಭೂತಗನ್ನಡಿ ತಂದು ನೋಡಿದಳು. ಗಂಟು ತನ್ನದೇ ಅಂದಳು.

ಅಪ್ಪ ಕಾಫಿಗೆ ಹೋಗಿದ್ದಾರೆ.

ನಿವೃತ್ತ ಕರಿಕೋಟು
ಮೇ ತಿಂಗಳು ಅಂದರೆ ಸಿವಿಲ್ ಕೋರ್ಟಿಗೆ ಬೇಸಿಗೆ ರಜೆ. ಗಿರಾಕಿ ಕಡಿಮೆ. ಕಾಫಿಗೆ ಹೋಗುವ ಕಾಲವೇ.

ಒತ್ತಕ್ಷರ
ಹಾಳೆ ಅರ್ಧಕ್ಕೆ ಬಿಟ್ಟು ಎದ್ದಿದ್ದಾರೆ ಅಂದರೆ ಮಧ್ಯೆ ಒತ್ತಕ್ಷರ ಬಂದಿರಬೇಕು.

ಹಾಸನದ ಆಲ್ಬಂ
ಅತ್ತೆ ಹೇಳುತ್ತಿದ್ದಾರೆ, ಅವತ್ತು ಎರಡು ಫೋಟೋ ತೆಗೆದಿದ್ದರಂತೆ. ಇನ್ನೊಂದು ಅರಕಲಗೂಡಿನಲ್ಲಿ ಅವರ ಗೆಳತಿಯ ಹತ್ತಿರ ಇರಬಹುದಂತೆ. ಭಾನುವಾರ ಫೋನ್ ಮಾಡುತ್ತಾರೆ.

ಕಾರ್ಬನ್‌ಪೇಪರ್
ಮಾಡಿಸಿ. ಆತುರ ಇಲ್ಲ. ಅಮ್ಮ ಇದನ್ನೇ ಫ್ರೇಮ್ ಹಾಕಿಸಬೇಕು ಅನ್ನುತ್ತಿದ್ದಾಳೆ, ಪಕ್ಕದ ಮೇಜಿನವರನ್ನು ಕತ್ತರಿಸಿ.

ಒಂದು ತಿದ್ದುಪಡಿ
ಕತ್ತರಿಸಬೇಡಿ. ಅವರ ಮಗಳೂ ಎಲ್ಲೋ ಹುಡುಕುತ್ತಿರಬಹುದು.

ಕಡುಬುಪ್ರಿಯೆ
ಅಂದಹಾಗೆ ಅವರು ಕಾಫಿಗೆ ಹೋಗುತ್ತಿದ್ದದ್ದು ಯಾವ ಅಂಗಡಿ? ಕೋಟೆ ಇಳಿದ ಕೂಡಲೇ ಎಡಕ್ಕೆ ಇದ್ದದ್ದಾ, ಬಸ್ ಸ್ಟ್ಯಾಂಡ್ ಕಡೆಯದ್ದಾ? ಎಡಗಡೆಯದಾದರೆ ಅಲ್ಲಿ ಬೋಂಡಾ ಚೆನ್ನಾಗಿರುತ್ತಿತ್ತು.

ಈಡುಗಾಯಿ
ಬೋಂಡಾ ಬಸ್ ಸ್ಟ್ಯಾಂಡ್ ಕಡೆಯದ್ದು. ಎಡಗಡೆಯದ್ದು ಪರೋಟ.

ಮಂಜುಮಳೆ72
ಎರಡೂ ತಪ್ಪು.